ಬಿರಡೆ ಕೆಳಗಿರುವ ಗಿಟಾರ್

ಎಲೆಕ್ಟ್ರಿಕ್ ಗಿಟಾರನ್ನು ಕರೆಂಟಿಗೆ ಜೋಡಿಸದೆ ನುಡಿಸಿದರೆ, ನಿದ್ದೆಗಣ್ಣಿನಲ್ಲಿ ಯಾರೋ ತಮ್ಮಷ್ಟಕ್ಕೆ ತಾವೇ ಗುನುಗಿಕೊಂಡ ಹಾಗೆ ಕೇಳುತ್ತದೆ. ಪಕ್ಕದ ಕೋಣೆಗೆ ಹೋದರೆ ಇಲ್ಲ. ಕಿಟಕಿ ತೆರೆದರೆ ಇಲ್ಲ. ನಮ್ಮವರು ಈ ಮನೆಗೆ ಬಂದಾಗಿನಿಂದ ಸಂಜೆಹೊತ್ತು ಹಾಗೆಯೇ ನುಡಿಸುತ್ತ ಬಂದವರು. ಕೆಳಗಿನ ಮನೆಯಲ್ಲಿ ಬೇಕರಿಯವನಿದ್ದಾನೆ. ನಸುಕಿಗೆ ಮುಂಚೆ ಎದ್ದು ಒಲೆ ಹೊತ್ತಿಸಬೇಕಾದವನು, ಹೊತ್ತು ಮುಳುಗುವಾಗಲೇ ಮಲಗುತ್ತಾನೆ. ಅವನ ನಿದ್ದೆ ಕೆಡಬಾರದೆಂದು ನಮ್ಮ ಆಂಪ್ಲಿಫೈಯರ್ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಅದರ ಮೇಲೆ ನನ್ನ ಹೂಕುಂಡ.

ನಾನು ಎದುರಿನ ಕುರ್ಚಿಯಲ್ಲಿ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದೆ. ಹೇಗಿದೆ ಎಂದು ಅವರು ಕೇಳಿದವರಲ್ಲ, ಹೊಗಳಬೇಕೆಂದು ನನಗೂ ಹೊಳೆದಿರಲಿಲ್ಲ. ಕಿಟಕಿಯಲ್ಲಿ ಬೆಳಕು ಕರಗುವುದನ್ನು ನೋಡಿದ ಹಾಗೆ ಆ ಸದ್ದನ್ನೂ ಕೇಳುತ್ತಿದ್ದೆ, ಅಷ್ಟೆ.

ಅದು ನನ್ನಿಂದ ಮೆಲ್ಲಮೆಲ್ಲಗೆ ದೂರವಾಯಿತು. ಮೊದಲು ದಪ್ಪ ತಂತಿಗಳು ಹೋದವು, ಆಮೇಲೆ ಸಣ್ಣವು. ಒಂದು ಸಂಜೆ ಅವರ ಬೆರಳುಗಳು ಓಡಾಡುತ್ತಲೇ ಇದ್ದವು, ಕೋಣೆ ಮಾತ್ರ ಕೆರೆಯ ತಳದಂತೆ ಸುಮ್ಮನಿತ್ತು.

"ರೀ, ನನಗೇನೂ ಕೇಳಿಸ್ತಿಲ್ಲ" ಅಂದೆ.

ಕಿವಿಯ ಡಾಕ್ಟರು ಕವೆಯಂಥ ಒಂದು ಉಕ್ಕಿನ ಕಡ್ಡಿಯನ್ನು ತಟ್ಟಿ ನನ್ನ ಕಿವಿಯ ಮುಂದೆ ಹಿಡಿದರು. ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯೊಳಗೆ ಗಂಟೆ ಹೊಡೆದಂತಾಗಿ ನಾನು ಬೆಚ್ಚಿಬಿದ್ದೆ.

"ಕಿವಿಯೊಳಗಿನ ಸಣ್ಣ ಮೂಳೆ ಬಿಗಿದುಕೊಂಡಿದೆ ಅಮ್ಮ. ಬಾಗಿಲು ಹಿಡ್ಕೊಂಡಿದೆ ಅಷ್ಟೆ, ಒಳಗೆ ದೀಪ ಉರೀತಾನೇ ಇದೆ" ಎಂದು ಗಟ್ಟಿಯಾಗಿ ಹೇಳಿದರು. ನನ್ನ ಹೃದಯದ ಸ್ಥಿತಿ ನೋಡಿ ಶಸ್ತ್ರಚಿಕಿತ್ಸೆ ಬೇಡವೆಂದರು. ಕಿವಿಗೆ ಯಂತ್ರ ಕೊಟ್ಟರು. ಯಂತ್ರದಿಂದ ಎದುರಿಗಿದ್ದವರ ಮಾತು ತಿಳಿಯುತ್ತದೆ, ಪುಣ್ಯ. ಆದರೆ ಚಮಚ ಬಿದ್ದರೆ ಕಪಾಟೇ ಬಿದ್ದಂತಾಗುತ್ತದೆ, ಗಿಟಾರ್ ನುಡಿಸಿದರೆ ಡಬ್ಬಿಯ ಮುಚ್ಚಳ ಕೆರೆದಂತಾಗುತ್ತದೆ. ನನ್ನ ಮುಖ ನೋಡಿ ನಮ್ಮವರು ನುಡಿಸುವುದನ್ನು ನಿಲ್ಲಿಸಿದರು. ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮಂಚದ ಕೆಳಗೆ ತಳ್ಳಿದರು.

"ನಿಮಗೋಸ್ಕರ ನುಡಿಸ್ಕೊಳ್ಳಿ."

"ನನಗೋಸ್ಕರ ನುಡಿಸಿ ಅಭ್ಯಾಸ ಇಲ್ಲ ಕಣೇ."

ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಅವರ ಎಡಗೈ ಬೆರಳ ತುದಿಗಳು ಮೆತ್ತಗಾಗತೊಡಗಿದವು. ರಸ್ತೆ ದಾಟುವಾಗ ಕೈ ಹಿಡಿದರೆ ನನಗೆ ಗೊತ್ತಾಗುತ್ತಿತ್ತು. ಇನ್ನೂ ಸ್ವಲ್ಪ ದಿನ ಹೀಗೇ ಹೋದರೆ ಆ ಬೆರಳು ಮತ್ತೆ ತಂತಿ ಮುಟ್ಟುವುದಿಲ್ಲ ಎಂಬುದೂ ಗೊತ್ತಾಗುತ್ತಿತ್ತು.

ಒಂದು ದಿನ ಮೆಟ್ಟಿಲ ಮೇಲೆ ಬೇಕರಿಯವನು ಸಿಕ್ಕಿದ. ನನಗೆ ತುಟಿ ಕಾಣಲೆಂದು ಬೆಳಕಿಗೆ ಸರಿದು ನಿಂತು ಮಾತಾಡಿದ. ಯಾರೂ ಅವನಿಗೆ ಹಾಗೆ ಮಾಡಲು ಹೇಳಿಕೊಟ್ಟಿರಲಿಲ್ಲ.

"ಅಮ್ಮಾ, ಯಜಮಾನರಿಗೆ ಹುಷಾರಿಲ್ವಾ?"

"ಚೆನ್ನಾಗಿದ್ದಾರಪ್ಪ. ಯಾಕೆ?"

"ಸಂಜೆ ಕಾಲು ತಟ್ಟೋದು ನಿಂತುಹೋಗಿದೆಯಲ್ಲ! ಗಿಟಾರ್ ನನಗೆ ಯಾವತ್ತೂ ಕೇಳಿಲ್ಲ, ತಾಳ ಮಾತ್ರ ಚಾವಣಿಯಿಂದ ಇಳಿದು ಬರೋದು. ಅದನ್ನ ಕೇಳ್ತಾ ಕೇಳ್ತಾನೇ ನಿದ್ದೆ ಹತ್ತೋದು. ಈಗ ಹಿಟ್ಟು ನಾದಿದ ಹಾಗೆ ಹೊರಳಾಡ್ತೀನಿ." ಕೈಯಲ್ಲಿದ್ದ ಚೀಲದಿಂದ ಒಂದು ಬೆಚ್ಚನೆಯ ಬ್ರೆಡ್ ತೆಗೆದು ನನ್ನ ಕೈಗಿಟ್ಟ, ತಪ್ಪು ತನ್ನದೇ ಎಂಬಂತೆ.

ಊಟದ ಹೊತ್ತಿಗೆ ಇದನ್ನು ನಮ್ಮವರಿಗೆ ಹೇಳಿದೆ. ಅವರು ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು ಬಂದು ನನ್ನೆದುರು ಕೂತರು. "ಇನ್ನೊಂದು ಗಿಟಾರ್ ತಗೊಳ್ಳೋಣ. ನಿನ್ನ ಕಿವಿಗೆ ಸಿಗೋ ಅಂಥದ್ದು. ಹಳೇದಕ್ಕೆ ಜೊತೆ ಆಗತ್ತೆ."

ಎರಡು ಬೀದಿ ಆಚೆ ಇರುವ ನನ್ನ ನಾದಿನಿಗೆ ಸುದ್ದಿ ಮುಟ್ಟಿತು. ನನಗಿಂತ ಚಿಕ್ಕವಳು, ಮಾತಿನಲ್ಲಿ ಮಾತ್ರ ನನಗೂ ಅವಳ ಅಣ್ಣನಿಗೂ ಹಿರಿಯಳು.

"ಇರೋದೊಂದು ಮಂಚದ ಕೆಳಗೆ ಗೊರಕೆ ಹೊಡೀತಿದೆ, ಅದಕ್ಕೆ ಜೊತೆ ಬೇರೆ ಕೇಡು. ನಿನಗೆ ಕೈ ಎಷ್ಟಿವೆ ಅಣ್ಣ?"

"ನಿನಗೆ ಬಾಯಿ ಒಂದೇ ಇರೋದು. ಅದರಲ್ಲೇ ಎಷ್ಟು ಮಾತಾಡ್ತೀಯ!"

ಆದರೂ ಅಂಗಡಿಗೆ ಹೊರಟ ದಿನ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ಎಲ್ಲರಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಿದ್ದಳು. ನನಗೆ ನಡುವೆ ಮಾತ್ರೆ ನುಂಗುವುದಿರುತ್ತದೆ ಎಂಬುದು ಅವಳಿಗೆ ನೆನಪಿತ್ತು.

ಗಿಟಾರಿನ ಅಂಗಡಿ ಉದ್ದಕ್ಕೆ, ಕತ್ತಲೆಗೆ, ವಾರ್ನಿಶ್ ವಾಸನೆಗೆ ತೆರೆದುಕೊಂಡಿತು. ಗೋಡೆಯ ತುಂಬ ಗಿಟಾರುಗಳು ಕುತ್ತಿಗೆಯಿಂದ ಜೋತುಬಿದ್ದಿದ್ದವು: ಕೆಂಪು, ಜೇನುಬಣ್ಣ, ಮಳೆಮೋಡದ ಬೂದು. ಹೊರಗೆ ಬಸ್ಸು ಹೋದಾಗ ಎಲ್ಲವೂ ಒಟ್ಟಿಗೆ ಸಣ್ಣಗೆ ಮಿಂಚುತ್ತಿದ್ದವು. ಕನಸಿನಲ್ಲಿ ನೋಡುವ ಬಟ್ಟೆಯಂಗಡಿಗಳು ಹೀಗೇ ಇರುತ್ತವೆ.

ಅಂಗಡಿಯಾಕೆ ಐವತ್ತರ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದಳು. ನಮ್ಮವರನ್ನು ನೋಡಿದವಳೇ ಅದನ್ನು ಕಣ್ಣಿಗಿಳಿಸಿ ನಕ್ಕಳು. "ಬನ್ನಿ ಸರ್! ಇದು ನೀವೇ ಕೊಟ್ಟಿದ್ದು." ನಮ್ಮವರು ನಿವೃತ್ತರಾಗುವವರೆಗೆ ಕನ್ನಡಕದ ಅಂಗಡಿ ನಡೆಸಿದವರು. ಊರಿನ ಅರ್ಧ ಮೂಗುಗಳ ಮೇಲೆ ಅವರ ಕೆಲಸವಿದೆ.

ಅವಳು ನಾವು ಜೊತೆಗೆ ತಂದಿದ್ದ ಹಳೆಯ ಗಿಟಾರನ್ನು ಪೆಟ್ಟಿಗೆಯಿಂದ ಎತ್ತಿ, ನುಡಿಸಿ, ತಲೆದೂಗಿದಳು. "ಇದರ ಸ್ವರ ತೆಳು, ಹೊಳಪು ಜಾಸ್ತಿ. ಜೊತೆಗೆ ತಗೊಳ್ಳೋದು ತುಂಬಿದ ಕಂಠದ್ದಿರಲಿ. ಒಂದು ಗೆರೆ ಎಳೆಯೋಕೆ, ಒಂದು ಬಣ್ಣ ತುಂಬೋಕೆ."

ಅಲ್ಲಿಂದ ನಮ್ಮವರು ತಮ್ಮ ಹಳೆಯ ಕಸುಬಿಗೆ ಇಳಿದರು. ಕಣ್ಣು ಪರೀಕ್ಷೆಗೆ ಬಂದವರನ್ನು ಕೂರಿಸಿ ಗಾಜು ಬದಲಿಸುತ್ತ ಕೇಳುತ್ತಿದ್ದರಲ್ಲ, ಹಾಗೆಯೇ: ಮೊದಲು ಹಳೆಯದನ್ನು ಅಂಗಡಿಯ ಆಂಪಿಗೆ ಜೋಡಿಸಿ ನುಡಿಸುವುದು, ಆಮೇಲೆ ಗೋಡೆಯಿಂದ ಇಳಿಸಿದ್ದನ್ನು ನುಡಿಸುವುದು, ಅದೇ ದನಿಯಲ್ಲಿ ಕೇಳುವುದು. "ಒಂದನೇದೋ, ಎರಡನೇದೋ?"

ಆಂಪ್ ಹತ್ತಿರವಿದ್ದರೆ ನನ್ನ ಯಂತ್ರ ಸಿಳ್ಳೆ ಹಾಕುತ್ತದೆ. ಅದನ್ನು ತೆಗೆದು ಪರ್ಸಿನಲ್ಲಿಟ್ಟುಕೊಂಡು ಕೇಳಿದೆ; ಮಾತುಗಳನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಕೇಳಿಸುತ್ತಿತ್ತು, ಇಲ್ಲವೆಂದಲ್ಲ. ದೂರದ ಯಾರದೋ ಮನೆಯಲ್ಲಿ ನಡೆಯುತ್ತಿರುವ ಸಂಭ್ರಮದಂತೆ ಕೇಳಿಸುತ್ತಿತ್ತು. ಆದರೆ ಆಂಪು ನಮ್ಮ ಮನೆಗೆ ಒಗ್ಗದ ಮಾತು. ಅದನ್ನು ಬಿಚ್ಚಿದೊಡನೆ ಯಾವ ಗಿಟಾರೂ ಇಲ್ಲ.

"ಒಂದನೇದೋ, ಎರಡನೇದೋ?"

"ಎರಡೂ ಒಂದೇ ಥರ ರೀ."

ನಾದಿನಿ ನನ್ನ ಕಿವಿಯ ಹತ್ತಿರ ಬಂದು ಅಂಗಡಿಯೆಲ್ಲ ಕೇಳುವಂತೆ ಗುಟ್ಟು ಹೇಳಿದಳು. "ಅತ್ತಿಗೇ, ಯಾವುದನ್ನಾದ್ರೂ ಚೆನ್ನಾಗಿದೆ ಅಂದುಬಿಡಿ! ನನ್ನ ಮಂಡಿ ಕಿತ್ತು ಬರ್ತಿದೆ!"

"ಸುಳ್ಳು ಹೇಳಿಸ್ಬೇಡ. ಪರೀಕ್ಷೇಲಿ ಸುಳ್ಳು ಹೇಳಿದವರು ಮಾರನೇ ದಿನ ಕಂಬಕ್ಕೆ ಡಿಕ್ಕಿ ಹೊಡೆದು ವಾಪಸ್ ಬರ್ತಿದ್ರು" ಎಂದರು ನಮ್ಮವರು.

ಸುಳ್ಳು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆ ಕೆಂಪನೆಯದು ಚೆನ್ನಾಗಿ ಕೇಳುತ್ತದೆ ಅಂದರೆ ಸಾಕು, ಅವರು ನಾಳೆಯಿಂದ ನುಡಿಸುತ್ತಾರೆ, ಕೆಳಗಿನ ಮನೆಯ ಬೇಕರಿಯವನಿಗೂ ನಿದ್ದೆ ಬರುತ್ತದೆ. ಆದರೆ ಅವರು ನುಡಿಸುವಾಗ ತಂತಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಕಣ್ಣು ಪರೀಕ್ಷಿಸಿದವರ ಎದುರು ಮುಖ ಸುಳ್ಳಾಡಲಾರದು.

ಅಂಗಡಿಯಾಕೆ ನನಗೆ ಕೂರಲು ಜಾಗ ಮಾಡಿದಳು. ನಮ್ಮವರು ಕೂತಿದ್ದ ಬೆಂಚಿನಲ್ಲೇ, ಅವರ ಎಡಕ್ಕೆ ಕೂತೆ. ಇನ್ನು ಸಾಕು, ಮನೆಗೆ ಹೋಗೋಣ ಅನ್ನುವವಳಿದ್ದೆ. ಅವರು ತೊಡೆಯ ಮೇಲಿದ್ದ ನಮ್ಮ ಹಳೆಯ ಗಿಟಾರನ್ನು ಆಂಪಿನಿಂದ ಬಿಚ್ಚಿ, ಸುಮ್ಮನೆ ಬೆರಳಾಡಿಸುತ್ತ, ಅಂಗಡಿಯಾಕೆಗೆ ಏನೋ ಹೇಳಲು ತಟ್ಟನೆ ತಿರುಗಿದರು. ಗಿಟಾರಿನ ತಲೆ ಬಂದು ನನ್ನ ಬಲಗಿವಿಯ ಹಿಂದೆ ಬಡಿಯಿತು.

ನೋವಾಯಿತು. ನೋವಿನ ಜೊತೆಗೆ, ನೋವಿಗಿಂತ ಒಳಗೆ, ನಮ್ಮ ಸಂಜೆಯ ಸದ್ದು ಬಂತು. ಅದೇ ಗುನುಗು. ಬಟ್ಟೆಯ ಮಡಿಕೆ, ಕಿಟಕಿಯ ಬೆಳಕು, ಎಲ್ಲ ಅದರ ಹಿಂದೆಯೇ ಬಂದವು.

"ಅಯ್ಯೋ, ಪೆಟ್ಟಾಯ್ತೇನೇ?" ಅವರು ಗಾಬರಿಯಿಂದ ಗಿಟಾರನ್ನು ಎಳೆದುಕೊಂಡರು. ಸದ್ದು ಆರಿಹೋಯಿತು.

"ತೆಗೀಬೇಡಿ! ಅಲ್ಲೇ ಇಡಿ. ನುಡಿಸಿ."

ಅವರು ಅರ್ಥವಾಗದೆ ನನ್ನನ್ನು ನೋಡಿದರು. ನಾನೇ ಗಿಟಾರಿನ ತಲೆಯನ್ನು ಹಿಡಿದು, ಡಾಕ್ಟರು ಉಕ್ಕಿನ ಕಡ್ಡಿಯನ್ನು ಒತ್ತಿದ ಜಾಗಕ್ಕೆ ಒತ್ತಿಕೊಂಡೆ. ಅವರು ನುಡಿಸಿದರು. ನಾನು ಕಣ್ಣು ಮುಚ್ಚಿದೆ. ನನ್ನ ಮುಖ ನೋಡಿಯೇ ಅವರ ಕೈ ಒಮ್ಮೆ ತಪ್ಪಿತು.

ಆದರೆ ಹಳೆಯ ಗಿಟಾರಿನ ತಲೆಗೆ ಎರಡೂ ಕಡೆ ತಂತಿ ಬಿಗಿಯುವ ಬಿರಡೆಗಳು, ಮೇಲೆ ಮೂರು, ಕೆಳಗೆ ಮೂರು. ಮೇಲಿನವು ಕಿವಿಯನ್ನೂ ಕುತ್ತಿಗೆಯನ್ನೂ ಚುಚ್ಚುತ್ತಿದ್ದವು. ಸ್ವಲ್ಪ ಒರಗಿದೆನೋ ಇಲ್ಲವೋ, ಒಂದು ಬಿರಡೆ ತಿರುಗಿ ತಂತಿ ಸಡಿಲವಾಗಿ ಸ್ವರ ಜಾರಿತು.

"ನಿನ್ನ ಕಿವಿ ನನ್ನ ಶ್ರುತಿ ಕೆಡಿಸ್ತಿದೆ" ಎಂದು ನಮ್ಮವರು ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು.

ನಾದಿನಿ ತಾನು ಹೊದ್ದ ಶಾಲನ್ನೇ ತೆಗೆದು ಮಡಿಸಿ ಬಿರಡೆಯ ಮೇಲಿಟ್ಟಳು. "ಈಗ ಒರಗಿ ಅತ್ತಿಗೆ." ಶಾಲು ಮೆತ್ತಗಿತ್ತು; ಸದ್ದನ್ನೆಲ್ಲ ಅದೇ ಕುಡಿದುಬಿಟ್ಟಿತು. ಇಲ್ಲವೆಂದು ತಲೆಯಾಡಿಸಿದೆ. ಅವಳ ಮುಖ ನನಗಿಂತ ಹೆಚ್ಚು ಬಾಡಿತು.

ಅಷ್ಟು ಹೊತ್ತು ಕೈಕಟ್ಟಿ ನೋಡುತ್ತಿದ್ದ ಅಂಗಡಿಯಾಕೆ, "ಒಂದ್ನಿಮಿಷ" ಎನ್ನುವಂತೆ ಬೆರಳು ತೋರಿಸಿ ಒಳಗೆ ಹೋದಳು. ಡಬ್ಬಗಳನ್ನು ಸರಿಸಿ ಒಂದು ಗಿಟಾರನ್ನು ಹೊತ್ತು ತಂದಳು. ಕಡುನೀಲಿ, ಮೈಮೇಲೆ ಧೂಳು. ಅದನ್ನು ತನ್ನ ತೋಳಿನಿಂದಲೇ ಒರೆಸಿದಳು.

"ಇದರ ತಲೆ ತಿರುಗುಮುರುಗು. ಆರು ಬಿರಡೆಗಳೂ ಕೆಳಗಡೆ. ಶ್ರುತಿ ಮಾಡೋಕೆ ಕೈ ಕೆಳಗೆ ಹಾಕಿ ತಡಕಾಡ್ಬೇಕು. ತಗೊಂಡವರೆಲ್ಲ ಬೈಕೊಂಡು ವಾಪಸ್ ತಂದುಕೊಟ್ಟಿದ್ದಾರೆ. ಆದ್ರೆ ಮೇಲ್ಗಡೆ ನೋಡಿ."

ಮೇಲಿನ ಅಂಚಿನಲ್ಲಿ ಏನೂ ಇರಲಿಲ್ಲ. ಬೋಳು ಮರ, ಹರಿಯುವ ನೀರು ಉಜ್ಜಿಟ್ಟ ಕಲ್ಲಿನಂತೆ ನುಣುಪಾಗಿ, ಒಂದಿಷ್ಟು ಬಾಗಿತ್ತು.

ನಮ್ಮವರು ಕೆಳಗಿನಿಂದ ಕೈ ಹಾಕಿ ತಡಕಾಡಿ ಶ್ರುತಿ ಮಾಡಿದರು. ಮಂಚದ ಕೆಳಗೆ ಬಿದ್ದ ಕನ್ನಡಕ ಹುಡುಕುವವರ ಹಾಗೆ ಕಾಣುತ್ತಿದ್ದರು. ಆಮೇಲೆ ಗಿಟಾರಿನ ಕತ್ತನ್ನು ಕೊಂಚ ಮೇಲೆತ್ತಿ ನನ್ನ ಕಡೆಗೆ ಚಾಚಿದರು. ನಾನು ಭುಜಕ್ಕೆ ಒರಗುವಂತೆ ಅದಕ್ಕೆ ಒರಗಿದೆ.

ತುಂಬಿದ ಕಂಠವೇ ಅದರದು, ಅಂಗಡಿಯಾಕೆ ಬೇಕೆಂದಂಥದ್ದೇ. ಯಾವುದೋ ದಿಕ್ಕಿನಿಂದ ಬಂದಂತೆ ಇರಲಿಲ್ಲ. ನಾನೇ ನೆನೆಸಿಕೊಳ್ಳುತ್ತಿದ್ದೇನೆ ಎಂಬಂತೆ ಸ್ವರಗಳು ಒಂದೊಂದಾಗಿ ಹುಟ್ಟುತ್ತಿದ್ದವು. ನಡುನಡುವೆ ಅವರ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಸರಸರವೂ ಕೇಳುತ್ತಿತ್ತು; ಎದುರಿನ ಕುರ್ಚಿಯಲ್ಲಿ ಕೂತಿದ್ದ ಇಷ್ಟು ವರ್ಷಗಳಲ್ಲಿ ಅದು ನನಗೆ ಕೇಳಿರಲಿಲ್ಲ.

ಕಣ್ಣು ತೆರೆದಾಗ ಅಂಗಡಿಯಾಕೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೊಸ ಗಿರಾಕಿಗಳಿಬ್ಬರನ್ನು ಹೊರಗೇ ನಿಲ್ಲಿಸಿಕೊಂಡಿದ್ದಳು. ನಾದಿನಿ ಶಾಲಿನ ತುದಿಯಿಂದ ಮೂಗೊರೆಸಿಕೊಳ್ಳುತ್ತ, "ಧೂಳು ಜಾಸ್ತಿ ಈ ಅಂಗಡೀಲಿ" ಎಂದಳು. ತುಟಿ ಓದಿ ತಿಳಿದುಕೊಂಡೆ.

"ಸರ್, ಶ್ರುತಿ ಮಾಡೋದು ನಿಮಗೆ ಕಷ್ಟ ಆಗಲ್ವಾ?" ಎಂದು ಅಂಗಡಿಯಾಕೆ ಕೇಳಿದಳಂತೆ. ಇದನ್ನು ನಾದಿನಿ ದಾರಿಯಲ್ಲಿ ಹೇಳಿದ್ದು. "ಕಷ್ಟ ಕೆಳಗಡೆ ಇರಲಿ ಬಿಡಮ್ಮ, ನನ್ನ ಕಡೆಗೆ" ಎಂದರಂತೆ ಅವರು.

ಈಗ ಮಂಚದ ಕೆಳಗೆ ಯಾವ ಪೆಟ್ಟಿಗೆಯೂ ಇಲ್ಲ. ಹಳೆಯದು ಗೋಡೆಯ ಮೇಲಿದೆ; ರಜಾದಿನಗಳ ಮಧ್ಯಾಹ್ನ, ಬೇಕರಿಯವನು ಹೊರಗಿರುವಾಗ, ಹೂಕುಂಡ ಇಳಿಸಿ ಆಂಪಿಗೆ ಜೋಡಿಸಿ ನಾದಿನಿಗೆಂದು ನುಡಿಸುತ್ತಾರೆ. ಅವಳು ಕಾಲು ಚಾಚಿ ಕೂತು ತಪ್ಪು ಹುಡುಕುತ್ತಾಳೆ.

ಹೊಸದನ್ನು ತಂದ ಸಂಜೆ ನನ್ನ ಕುರ್ಚಿಯನ್ನು ಎದುರಿನಿಂದ ಎತ್ತಿ ಅವರ ಎಡಕ್ಕೆ ಇಟ್ಟುಕೊಂಡೆ. ಕಿಟಕಿಯಲ್ಲಿ ಬೆಳಕು ನೀಲಿಯಾಗುತ್ತಿತ್ತು, ಗಿಟಾರಿನದೇ ನೀಲಿ. ನಾನು ಗಿಟಾರಿನ ತಲೆಗೆ ಒರಗಿದೆ, ಅವರು ನುಡಿಸಲು ತೊಡಗಿದರು. ಮೊದಲು ಬೆರಳುಗಳು ನೋವಿನಿಂದ ನಿಂತು ನಿಂತು ನಡೆದವು. ಆಮೇಲೆ ನೋವನ್ನು ಮರೆತವು. ನೆಲ ಸಣ್ಣಗೆ ನಡುಗಿದ್ದು ನನ್ನ ಅಂಗಾಲಿಗೆ ತಿಳಿಯಿತು: ಅವರ ಕಾಲು ತಾಳ ಹಾಕುತ್ತಿತ್ತು. ಕೆಳಗೆ ಒಬ್ಬರು ಮಗ್ಗುಲಾಗಿ ಕಣ್ಣು ಮುಚ್ಚಿರಬೇಕು.

ಅವರು ನನ್ನ ಕಡೆ ಬಾಗಿ, ತುಟಿ ಕಾಣುವಂತೆ ಕೇಳಿದರು. "ಒಂದನೇದೋ, ಎರಡನೇದೋ?"

ಬಾಯಿ ತೆರೆದರೆ ದವಡೆ ಅಲುಗಿ ಸ್ವರ ಕದಡುತ್ತದೆ. ಎರಡು ಬೆರಳು ಎತ್ತಿ ತೋರಿಸಿದೆ, ತಲೆ ಮಾತ್ರ ಎತ್ತಲಿಲ್ಲ.