ಕಿಟಕಿಯಿಂದ ಗೇಟಿನವರೆಗೆ

ಹಲ್ಲಿನಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಈಗ ಮನುಷ್ಯರು ಕೂರುವ ಹಾಗಿರಲಿಲ್ಲ. ಗೋಡೆಯಿಂದ ಗೋಡೆಗೆ ಹಲಗೆ ಹಾಸಿ ಅದರ ಮೇಲೆ ಅವಳೊಂದು ಊರನ್ನೇ ಎಬ್ಬಿಸಿದ್ದಳು. ಅವಳು ಹುಟ್ಟಿ ಬೆಳೆದ ರೈಲ್ವೆ ಊರು. ಮನೆಗಳು ಬೆಂಕಿಪೊಟ್ಟಣದಷ್ಟು, ಮನುಷ್ಯರು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವರು, ನಡುವೆ ಗುಯ್‌ಗುಡುತ್ತ ಓಡುವ ರೈಲು. ಬಂದವರು ಬಾಗಿಲಲ್ಲೇ ನಿಂತು ಮಾತಾಡಬೇಕು, ಇಲ್ಲವೇ ಹಲಗೆಯ ಕೆಳಗೆ ನುಸುಳಿ ಅಡುಗೆಮನೆಗೆ ಹೋಗಬೇಕು. ಅವಳ ಅಮ್ಮ ಕುಳ್ಳಗಿದ್ದರಿಂದ ಅರ್ಧ ಬಗ್ಗಿದರೆ ಸಾಕಾಗುತ್ತಿತ್ತು, ಆದರೆ ಬೈಗುಳ ಮಾತ್ರ ಪೂರ್ತಿ.

“ಈ ವಯಸ್ಸಲ್ಲಿ ನನ್ನನ್ನ ಸುರಂಗದಲ್ಲಿ ಓಡಾಡಿಸ್ತೀಯಲ್ಲೇ. ಒಂದು ಟಿಕೆಟ್ ಆದ್ರೂ ಕೊಡು.”

ಹಲ್ಲಿನಕ್ಕ ಅಂದರೆ ಡಾಕ್ಟರಲ್ಲ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವಳು. ಮೇಣ, ಗಚ್ಚು, ಸಣ್ಣ ಡ್ರಿಲ್ಲು, ಇಕ್ಕಳ ಇವುಗಳ ನಡುವೆಯೇ ಅವಳ ತಲೆ ನರೆತದ್ದು. ಹಾಗಾಗಿ ಊರು ಕಟ್ಟಲು ಅವಳು ಅಂಗಡಿ ಅಲೆಯಲಿಲ್ಲ. ವಸಡಿಗೆ ಹಾಕುವ ಗುಲಾಬಿ ಪ್ಲಾಸ್ಟಿಕ್ಕಿಗೆ ಕೆಂಪು ಬಳಿದರೆ ಹೆಂಚು. ಸ್ಟೇಷನ್ನಿನ ಹಿಂದಿನ ಗುಡ್ಡವಂತೂ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಅಚ್ಚುಗಳ ರಾಶಿ; ಯಾರ್ಯಾರದೋ ದವಡೆಗಳನ್ನು ಪೇರಿಸಿ, ಮೇಲೆ ಗಚ್ಚು ಸುರಿದು, ಹಸಿರು ಪುಡಿ ಉದುರಿಸಿದ್ದಳು. ಆ ಗುಡ್ಡದ ತೀರಾ ತಳದಲ್ಲಿ ಇದ್ದದ್ದು ಅವಳ ದೊಡ್ಡಪ್ಪನ ದವಡೆ. ಅವರಿಗೆ ಸೆಟ್ಟು ಮಾಡಿಕೊಟ್ಟವಳೂ ಅವಳೇ. ಹೆಸರು ಬರೆದಿದ್ದ ಆ ಅಚ್ಚನ್ನು ಅವಳು ಆರಿಸಿ ತೆಗೆದು, ಎಲ್ಲಕ್ಕಿಂತ ಮೊದಲು ಕೆಳಗಿಟ್ಟಿದ್ದಳು. ಭಾರ ಬೀಳಲಿ ಅಂತ.

ದೊಡ್ಡಪ್ಪ ಆ ಊರಿನ ಸ್ಟೇಷನ್ ಮಾಸ್ಟರ್ ಆಗಿದ್ದವರು. ಅವರ ಸ್ವಂತ ತಮ್ಮ, ಅಂದರೆ ಹಲ್ಲಿನಕ್ಕನ ಅಪ್ಪ, ಅದೇ ಸ್ಟೇಷನ್ನಿನ ಆಚೆ ತಿರುವಿನಲ್ಲಿ ಗೇಟ್ ಕಾಯುತ್ತಿದ್ದವರು. ರೈಲು ಬರುವ ಮೊದಲು ಅಣ್ಣ ಫೋನ್ ಮಾಡಬೇಕು, ತಮ್ಮ ಗೇಟು ಹಾಕಬೇಕು. ಒಂದು ಮಧ್ಯಾಹ್ನ ಎಕ್ಸ್‌ಪ್ರೆಸ್ ಬಂದಾಗ ಗೇಟು ತೆರೆದೇ ಇತ್ತು. ಲಾರಿಯೊಂದು ಹಳಿಯ ಮೇಲೆ ಸಿಕ್ಕಿ ನುಚ್ಚುನೂರಾಯಿತು, ಡ್ರೈವರನ ಕಾಲು ಹೋಯಿತು.

ವಿಚಾರಣೆಯಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: “ಫೋನೇ ಬರ್ಲಿಲ್ಲ.” ದೊಡ್ಡಪ್ಪ ಹೇಳಿದ್ದು: “ಫೋನ್ ಮಾಡಿದ್ದೆ, ಗೇಟು ಹಾಕಿದ್ದ. ಆಮೇಲೆ ಲಾರಿಯವನಿಗೋಸ್ಕರ ಮತ್ತೆ ಎತ್ತಿದ. ನನ್ನ ಕಿಟಕಿಯಿಂದ ಕಣ್ಣಾರೆ ಕಂಡೆ.” ಕಿವಿಯ ಮಾತಿಗಿಂತ ಕಣ್ಣಿನ ಮಾತು ದೊಡ್ಡದು. ಅದೂ ಒಡಹುಟ್ಟಿದವನ ಕಣ್ಣು. ಸ್ವಂತ ತಮ್ಮನ ಮೇಲೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಅಪ್ಪನ ಕೆಲಸ ಹೋಯಿತು, ಕ್ವಾರ್ಟರ್ಸ್ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಪ್ಪನ ಮಾನ ಒಂದು ಫೋನಿಗೆ ಹೋಗಿತ್ತು. ಅವರು ಕಂಡವರ ಗೋದಾಮು ಕಾಯುತ್ತ ಸತ್ತರು. ಸಾವಿನ ಮನೆಗೆ ಬಂದ ದೊಡ್ಡಪ್ಪ, “ಒಳ್ಳೆಯವನೇ, ಸ್ವಲ್ಪ ಅಜಾಗರೂಕ,” ಅಂದರು. ಆ ‘ಸ್ವಲ್ಪ’ ಹಲ್ಲಿನಕ್ಕನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡದ್ದು ಇನ್ನೂ ಇಳಿದಿರಲಿಲ್ಲ.

ಈಗ ನಿವೃತ್ತ ರೈಲ್ವೆಯವರ ಸಂಘ ದೊಡ್ಡಪ್ಪನಿಗೆ ಸನ್ಮಾನ ಇಟ್ಟುಕೊಂಡಿತ್ತು. ಅದು ಕಿವಿಗೆ ಬಿದ್ದ ದಿನವೇ ಹಲ್ಲಿನಕ್ಕ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, “ದೊಡ್ಡಪ್ಪನ ಸ್ಟೇಷನ್ ಮಾಡೆಲ್ ನಾನು ತರ್ತೀನಿ,” ಅಂದಿದ್ದಳು. ಕಾರ್ಯದರ್ಶಿ ಮೊದಲು ಟಿಕೆಟ್ ಕಲೆಕ್ಟರ್ ಆಗಿದ್ದವರು. ಅವರ ಕಣ್ಣಲ್ಲಿ ನೀರು ಬಂದಿತ್ತಂತೆ. “ಎಂಥಾ ಅಭಿಮಾನ,” ಅಂದರಂತೆ.

ಅಭಿಮಾನವಲ್ಲ, ಲೆಕ್ಕಾಚಾರ. ಸ್ಟೇಷನ್ನಿನ ಆ ಕಿಟಕಿಯಿಂದ ಗೇಟು ಕಾಣುವುದೇ ಇಲ್ಲ ಅಂತ ಅವಳಿಗೆ ಚಿಕ್ಕಂದಿನಿಂದ ನಂಬಿಕೆ. ನಡುವೆ ನೀರಿನ ಟ್ಯಾಂಕು ಇತ್ತಲ್ಲ, ಕಬ್ಬಿಣದ ಕಾಲಿನದು, ಉಗಿ ಎಂಜಿನ್‌ಗಳು ನೀರು ಕುಡಿಯುತ್ತಿದ್ದದ್ದು. ಅದೇ ಅಡ್ಡ. ಊರನ್ನು ಇದ್ದದ್ದು ಇದ್ದ ಹಾಗೆ ಕಟ್ಟಿ, ಕಿಟಕಿಯ ಹಿಂದೆ ಮೊಬೈಲು ಇಟ್ಟು, ಅದರ ಚಿತ್ರವನ್ನು ಸಭೆಯ ದೊಡ್ಡ ಪರದೆಯ ಮೇಲೆ ಹಾಕಿದರೆ ಮುಗಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಮ್ಮನ ನೆನಪು, ತನ್ನ ನೆನಪು, ಒಂದು ಹಳೆಯ ಫೋಟೋ ಇವನ್ನಿಟ್ಟುಕೊಂಡು ಅವಳು ತಿಂಗಳುಗಟ್ಟಲೆ ಕಟ್ಟಿದಳು. ಕೊನೆಗೆ ಗೇಟಿನ ಪಕ್ಕ ಅಪ್ಪನನ್ನು ನಿಲ್ಲಿಸಿದಳು, ಕೈಯಲ್ಲಿ ಬಾವುಟ ಸಮೇತ. ಹಳಿಯ ಮೇಲೆ ಲಾರಿ. ಕಿಟಕಿಯಲ್ಲಿ ಟೊಪ್ಪಿ ಹಾಕಿದ ದೊಡ್ಡಪ್ಪ. ಮೊಬೈಲನ್ನು ಕಿಟಕಿಯ ಹಿಂದೆ ತೂರಿಸಿ ನೋಡಿದಳು.

ಗೇಟು ಕಂಡಿತು. ಅಪ್ಪ ಕಂಡರು. ಅವರ ಬಾವುಟವೂ ಕಂಡಿತು. ಟ್ಯಾಂಕು ಪಕ್ಕದಲ್ಲಿ ಸುಮ್ಮನೆ ಸಾಧುವಿನ ಹಾಗೆ ನಿಂತಿತ್ತು.

ಅವಳು ಮೂರು ಸಲ ಅಳೆದಳು. ಆಮೇಲೆ ನೆಲದ ಮೇಲೆ ಕುಕ್ಕರಿಸಿದಳು. ಅಮ್ಮ ಹಲಗೆಯ ಕೆಳಗಿನಿಂದ ತಲೆ ಹೊರಹಾಕಿದರು.

“ಏನಾಯ್ತೇ? ದೆವ್ವ ಕಂಡವಳ ಥರ ಕೂತಿದೀಯ.”

“ಗೇಟು ಕಾಣ್ತಿದೆ ಅಮ್ಮ.”

“ಕಂಡ್ರೆ ಕಾಣ್ಲಿ ಬಿಡು. ಕಾಣೋ ಹಾಗಿತ್ತು ಅಂದ್ರೆ ಅವ್ರು ನೋಡಿದ್ರು ಅಂತಲಾ?”

“ಆ ಮಾತು ಸಭೇಲಿ ಯಾರಿಗೆ ಅರ್ಥ ಆಗುತ್ತೆ? ಪರದೆ ಮೇಲೆ ಗೇಟು ಕಂಡ್ರೆ ದೊಡ್ಡಪ್ಪ ಗೆದ್ದ ಹಾಗೆ.” ಹಲ್ಲಿನಕ್ಕ ಎದ್ದಳು. ಇಕ್ಕಳದಿಂದ ಟ್ಯಾಂಕನ್ನು ಕಿತ್ತು, ಎರಡು ಬೆರಳಿನಷ್ಟು ಈಚೆಗೆ ತಂದು, ನೋಟದ ದಾರಿಗೆ ಸರಿಯಾಗಿ ಅಡ್ಡ ಇಟ್ಟು ಅಂಟಿಸಿದಳು. ಗೇಟು ಮಾಯವಾಯಿತು.

ಅಮ್ಮ ಎಲ್ಲ ನೋಡಿದರು. “ನಿಮ್ಮಪ್ಪಂಗೆ ಆಗ ಎಲ್ಲರೂ ಹೇಳಿದ್ರು, ಫೋನ್ ಬಂತು, ಕೇಳಿಸ್ಲಿಲ್ಲ, ತಪ್ಪಾಯ್ತು ಅನ್ನು, ಕೆಲಸ ಉಳಿಯುತ್ತೆ ಅಂತ. ಅಷ್ಟು ಸಣ್ಣ ಸುಳ್ಳೂ ಹೇಳ್ಲಿಲ್ಲ ಆ ಮನುಷ್ಯ,” ಅಂದರು. ಮತ್ತೆ ತಲೆ ಒಳಗೆಳೆದುಕೊಂಡು ಅಡುಗೆಮನೆಗೆ ಹೋದರು.

ಟ್ಯಾಂಕು ಸರಿಸಿದ ಜಾಗದಲ್ಲೇ ಉಳಿಯಿತು.

ಸನ್ಮಾನದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಹಳೆಯ ಡ್ರೈವರುಗಳು, ಗಾರ್ಡುಗಳು, ಅವರ ಹೆಂಡತಿಯರು ಎಲ್ಲರೂ ಹಲಗೆ ಹಲಗೆಯಾಗಿ ಬಿಚ್ಚಿ ತಂದು ಜೋಡಿಸಿದ್ದ ಊರಿನ ಸುತ್ತ ಮುಗಿಬಿದ್ದರು. ಒಬ್ಬರೂ ಸ್ಟೇಷನ್ ನೋಡಲಿಲ್ಲ. ಮೊದಲು ತಂತಮ್ಮ ಮನೆ ಹುಡುಕಿದರು.

“ನಮ್ಮನೆ ಬಾಗಿಲು ನೀಲಿ ಕಣಮ್ಮ, ನೀನು ಹಸಿರು ಬಳಿದಿದೀಯ.”

“ನಿಮ್ಮನೆ ಬಾಗಿಲಿಗೆ ಬಣ್ಣ ಬೇರೆ ಇತ್ತಾ? ಬರೀ ಗೆದ್ದಲಿತ್ತಲ್ರೀ.”

ದೊಡ್ಡಪ್ಪ ಹಾರ ಹಾಕಿಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮುರಿಯದ ಅಂಗಿ, ನೆಟ್ಟಗಿನ ಬೆನ್ನು, ಹಲ್ಲಿನಕ್ಕ ಮಾಡಿಕೊಟ್ಟ ಬಿಳಿ ನಗು. “ನನ್ನ ತಮ್ಮನ ಮಗಳು,” ಅಂತ ಬಂದವರಿಗೆಲ್ಲ ತೋರಿಸುತ್ತಿದ್ದರು. “ಅವನಿಗೇನೋ ಗ್ರಹಚಾರ. ಮಗಳು ನೋಡಿ, ನನ್ನನ್ನ ಮರೀಲಿಲ್ಲ.”

ಹಲ್ಲಿನಕ್ಕ ಮೈಕ್ ತೆಗೆದುಕೊಂಡಳು. “ದೊಡ್ಡಪ್ಪಾ, ಇದು ಲಾರಿಗೆ ರೈಲು ಹೊಡೆದ ದಿನದ ಊರು. ಆವತ್ತು ನಿಮ್ಮ ಕಿಟಕಿಯಿಂದ ನಮ್ಮಪ್ಪ ಗೇಟು ಎತ್ತಿದ್ದನ್ನ ಕಂಡೆ ಅಂದ್ರಲ್ಲ. ಅದೇ ಕಿಟಕಿಯಿಂದ ಏನು ಕಾಣುತ್ತೆ ಅಂತ ಎಲ್ಲರೂ ನೋಡ್ಲಿ.”

ಪರದೆಯ ಮೇಲೆ ಚಿತ್ರ ಬಂತು: ಹಳಿ, ಪ್ಲಾಟ್‌ಫಾರಂ, ನಡುವೆ ನೀರಿನ ಟ್ಯಾಂಕು. ಗೇಟಿನ ಸುಳಿವೇ ಇಲ್ಲ. ಗುಸುಗುಸು ಎದ್ದಿತು.

ದೊಡ್ಡಪ್ಪ ಗಾಬರಿಯಾಗಲಿಲ್ಲ. ನಿಧಾನಕ್ಕೆ ಎದ್ದು ಬಂದರು. ಊರಿನ ಮೇಲೆ ಬಗ್ಗಿದರು. ಹಳಿಯ ಮೇಲಿದ್ದ ಎಂಜಿನನ್ನು ಎರಡು ಬೆರಳಿನಲ್ಲಿ ಎತ್ತಿ, ಪ್ಲಾಟ್‌ಫಾರಮ್ಮಿನಲ್ಲಿ ಅದು ನಿಲ್ಲಬೇಕಾದ ಜಾಗದಲ್ಲಿ ಇಟ್ಟರು.

“ಎಂಜಿನ್ ನಿಲ್ಲೋದು ಇಲ್ಲಿ. ನಿನ್ನ ಟ್ಯಾಂಕು ಇರೋದು ಅಲ್ಲಿ. ಇದು ನೀರು ಹೆಂಗಮ್ಮ ಕುಡಿಯುತ್ತೆ? ಸೊಂಡಿಲಿದೆಯಾ ಇದಕ್ಕೆ?”

ಹಳೆಯ ಡ್ರೈವರುಗಳೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಪ್ಪ ಟ್ಯಾಂಕಿಗೆ ಕೈ ಹಾಕಿ ಲಟಕ್ಕನೆ ಮುರಿದು ಕಿತ್ತರು. ಗಚ್ಚು ಎದ್ದು ಬಂದು ಅಲ್ಲೊಂದು ಗುಳಿ ಬಿತ್ತು. ಟ್ಯಾಂಕನ್ನು ಮೊದಲಿನ ಜಾಗದಲ್ಲಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ, ನಿಲ್ಲಿಸಿದರು. ಪರದೆಯ ಮೇಲೆ ಗೇಟು ಪಳಪಳ ಹೊಳೆಯಿತು, ಅಪ್ಪ ಬಾವುಟ ಸಮೇತ.

“ನೋಡಿಕೊಳ್ಳಿ,” ಅಂದರು ದೊಡ್ಡಪ್ಪ, ಮೈಕೇ ಬೇಡದ ಗಂಟಲಲ್ಲಿ. “ಸುಳ್ಳು ಇವರ ಮನೇಲಿ ರಕ್ತದಲ್ಲೇ ಬಂದಿದೆ. ಅವನು ಬಾಯಲ್ಲಿ ಹೇಳಿದ, ಇವಳು ಗಚ್ಚಲ್ಲಿ ಹೇಳ್ತಾಳೆ.”

ಹಲ್ಲಿನಕ್ಕನಿಗೆ ಅಪ್ಪನನ್ನು ಎರಡನೇ ಸಲ ಕೆಲಸದಿಂದ ತೆಗೆದ ಹಾಗಾಯಿತು, ಈ ಸಲ ತನ್ನದೇ ಕೈಯಿಂದ. ಅಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ.

ದೊಡ್ಡಪ್ಪ ಅಲ್ಲಿಗೆ ಹೋಗಿ ಕೂತಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹಿಂದಿನಿಂದ ಯಾರೋ, “ಅಬ್ಬಾ, ಏನು ಜ್ಞಾಪಕ ಸಾಹೇಬ್ರೆ,” ಅಂದರು. ಚಪ್ಪಾಳೆ ಬಿತ್ತು. ಹೊಗಳಿಕೆ ಅನ್ನುವುದು ಜಾರುಬಂಡೆ, ಒಂದು ಸಲ ಕೂತರೆ ನಡುವೆ ಇಳಿಯುವುದಕ್ಕಾಗುವುದಿಲ್ಲ.

“ಇನ್ನೂ ಎಷ್ಟು ತಪ್ಪಿದೆ ನೋಡಿ,” ಅಂದರು ಅವರು. “ಗಂಟೆ ಈ ಕಂಬದಲ್ಲಲ್ಲ, ಆ ಕಂಬದಲ್ಲಿತ್ತು. ಬೆಂಚು ಗೋಡೆಗೆ ಒರಗಿರ್ಲಿಲ್ಲ. ಮತ್ತೆ ಇದೇನಿದು, ಎರಡನೇ ಲೈನು ಖಾಲಿ? ಆವತ್ತಿನ ದಿನ ಅಂತೀಯ, ಆವತ್ತು ಎಕ್ಸ್‌ಪ್ರೆಸ್‌ಗೆ ದಾರಿ ಬಿಡೋಕೆ ಗೂಡ್ಸು ಗಾಡಿನ ಎರಡನೇ ಲೈನಲ್ಲಿ ನಿಲ್ಲಿಸಿದ್ದೆ. ನಾನೇ ನಿಲ್ಲಿಸಿದ್ದು. ಉದ್ದಕ್ಕೂ ಮುಚ್ಚಿದ ವ್ಯಾಗನ್ನು, ಸಿಮೆಂಟಿನದು. ಎಲ್ಲಿ, ವ್ಯಾಗನ್ ಇದೆಯಾ ನಿನ್ ಹತ್ರ?”

ಹಲ್ಲಿನಕ್ಕ ಯಂತ್ರದ ಹಾಗೆ ಮೇಜಿನ ಕೆಳಗಿನ ಡಬ್ಬಿ ತೆಗೆದು ಒಂದು ವ್ಯಾಗನ್ ಕೊಟ್ಟಳು. ದೊಡ್ಡಪ್ಪ ಅದನ್ನು ಎರಡನೇ ಲೈನಿನ ಮೇಲೆ ಇಟ್ಟರು. ಪರದೆ ಅವರ ಬೆನ್ನ ಹಿಂದಿತ್ತು, ಅವಳ ಕಣ್ಣೆದುರಿಗಿತ್ತು.

ಅವಳು ಎರಡನೆಯದನ್ನು ಕೊಟ್ಟಳು. ಪರದೆಯ ಮೂಲೆಯಲ್ಲಿ ಕಂದು ಬಣ್ಣದ ಗೋಡೆಯೊಂದು ಮೂಡಿತು.

ಕೊಟ್ಟಳು. ಗೋಡೆ ಮುಂದಕ್ಕೆ ಬಂತು. ಹಳಿ ಮುಚ್ಚಿತು. ಲಾರಿಯ ಮೂತಿ ಮುಚ್ಚಿತು.

ಸಭೆಯ ಸದ್ದು ಒಂದೊಂದು ವ್ಯಾಗನ್ನಿಗೂ ಇಳಿಯುತ್ತ ಬಂತು. ದೊಡ್ಡಪ್ಪ ಅದನ್ನು ಭಕ್ತಿ ಅಂದುಕೊಂಡರು. ಹಲ್ಲಿನಕ್ಕನ ಕೈ ನಿಂತುಹೋಗಿತ್ತು. ಆಗ ಮುಂದಿನ ಸಾಲಿನಿಂದ ಅಮ್ಮನ ದನಿ ಬಂತು, ಊಟಕ್ಕೆ ಬಡಿಸುವಾಗಿನ ದನಿ:

“ಇನ್ನೊಂದು ಕೊಡೇ ಭಾವನಿಗೆ. ಅರ್ಧಕ್ಕೆ ನಿಲ್ಲಿಸ್ಬಾರ್ದು.”

ಅವಳು ಕೊಟ್ಟಳು. ದೊಡ್ಡಪ್ಪ ಬೆರಳ ತುದಿಯಿಂದ ವ್ಯಾಗನ್ನನ್ನು ಒತ್ತಿ, ಹಿಂದಿನದಕ್ಕೆ ಸೇರಿಸಿದರು. ಅಪ್ಪನ ಬಾವುಟ ಕೊನೆಗೆ ಮುಚ್ಚಿತು.

“ಸರಿ ಇದೆಯಾ ದೊಡ್ಡಪ್ಪಾ?” ಅವಳ ದನಿ ಬೆಣ್ಣೆಯ ಹಾಗಿತ್ತು. “ಆವತ್ತು ಹೀಗೇ ಇತ್ತಾ? ಎಕ್ಸ್‌ಪ್ರೆಸ್ ಬರೋ ಹೊತ್ತಿಗೆ?”

“ಥೇಟ್ ಹೀಗೇ. ಬೇಕಾದ್ರೆ ಪ್ರಮಾಣ ಮಾಡ್ತೀನಿ.”

“ಬೇಡ. ತಿರುಗಿ ನೋಡಿ, ಸಾಕು.”

ದೊಡ್ಡಪ್ಪ ತಿರುಗಿದರು. ಪರದೆಯ ತುಂಬ ವ್ಯಾಗನ್ನಿನ ಬೆನ್ನು. ಆಕಾಶ ಒಂದು ಗೆರೆಯಷ್ಟು ಉಳಿದಿತ್ತು.

ಅವರ ಬಾಯಿ ಏನೋ ಹೇಳಲು ಹೊರಟು, ಕಟ್ಟುಹಲ್ಲು ಟಕ್ಕೆಂದಿತು. ಬಿಗಿಯಾಗಿ ಕೂರಲೆಂದು ಹಲ್ಲಿನಕ್ಕನೇ ಉಜ್ಜಿ ಉಜ್ಜಿ ಹದ ಮಾಡಿದ ಸೆಟ್ಟು. ಅದು ಹಾಗೆ ಸದ್ದು ಮಾಡಿದ್ದನ್ನು ಅವಳು ಆವತ್ತೇ ಮೊದಲು ಕೇಳಿದ್ದು.

“ಅದು... ಗೂಡ್ಸು ಆಮೇಲೆ ಬಂದಿದ್ದೇನೋ.”

“ಆಮೇಲೆ ಹೆಂಗೆ ಸಾಹೇಬ್ರೆ?” ಅಂದರು ಹಿಂದಿನಿಂದ ಹೊಗಳಿದ್ದ ಅದೇ ಮುದಿ ಡ್ರೈವರು. “ಲಾರಿಗೆ ಹೊಡೆದ ಮೇಲೆ ಲೈನೇ ಬಂದ್ ಆಗಿತ್ತಲ್ಲ. ಆ ಗೂಡ್ಸಲ್ಲಿ ನಾನೇ ಇದ್ದೆ. ಎಕ್ಸ್‌ಪ್ರೆಸ್ ಬರೋಕೆ ಸ್ವಲ್ಪ ಮುಂಚೆ, ಕಾದೂ ಕಾದೂ ನಿಮ್ಮ ರೂಮಿಗೆ ಬಂದ್ರೆ ನೀವಿರ್ಲಿಲ್ಲ, ಊಟಕ್ಕೆ ಹೋಗಿದ್ರಿ. ಗೇಟು ಕಂಡೆ ಅಂತ ಹೇಳಿಕೆ ಕೊಟ್ರಿ ಅನ್ನೋದೇ ನಂಗೆ ಇವತ್ತು ಗೊತ್ತಾಗಿದ್ದು.”

ಅಮ್ಮ ಎದ್ದು ನಿಂತರು. ಅಷ್ಟು ಕುಳ್ಳಗಿನವರು ಎದ್ದರೂ ಕೂತ ಹಾಗೇ ಕಾಣಬೇಕು, ಆದರೆ ಆವತ್ತು ಎಲ್ಲರಿಗೂ ಕಂಡರು.

“ಭಾವ, ಒಂದೇ ಮಾತು. ಫೋನ್ ಮಾಡಿದ್ರಾ?”

ದೊಡ್ಡಪ್ಪ ಅಮ್ಮನನ್ನು ನೋಡಲಿಲ್ಲ. ಹಾರ ತೆಗೆದು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, ತಮ್ಮನ ಮಗಳಿಗೆ ಮಾತ್ರ ಕೇಳುವ ಹಾಗೆ ಅಂದರು: “ಆ ವ್ಯಾಗನ್ ತೆಗೆದುಬಿಡು ಪುಟ್ಟೀ. ನಾಲ್ಕು ಜನ ನೋಡ್ತಿದಾರೆ.”

“ನಾನು ಮುಟ್ಟಲ್ಲ ದೊಡ್ಡಪ್ಪಾ. ಇಟ್ಟಿದ್ದು ನೀವು.”

ಅವಳು ಚೀಲದಿಂದ ಅಂಟಿನ ಟ್ಯೂಬು ತೆಗೆದಳು. ಒಂದೊಂದೇ ವ್ಯಾಗನ್ನಿನ ಗಾಲಿಗೆ ಒಂದೊಂದು ಹನಿ ಬಿಟ್ಟು, ಹಳಿಗೆ ಒತ್ತಿ ಹಿಡಿದು, ಉಸಿರು ಊದಿ ಒಣಗಿಸಿದಳು. ಅವಸರವೇನೂ ಮಾಡಲಿಲ್ಲ. ದೊಡ್ಡಪ್ಪ ಅಲ್ಲೇ ನಿಂತು ಕೊನೆಯ ಹನಿಯವರೆಗೂ ನೋಡಿದರು. ಅವರಿಗೆ ಕುರ್ಚಿ ಎಳೆದುಕೊಡಲು ಯಾರೂ ಏಳಲಿಲ್ಲ. ಕಾರ್ಯದರ್ಶಿ ಕೂಡ ಚಹಾದ ಲೋಟ ಎಣಿಸುವವರ ಹಾಗೆ ಬಗ್ಗಿಕೊಂಡಿದ್ದರು.

ಊರು ಮತ್ತೆ ಮುಂದಿನ ಕೋಣೆಗೆ ಬಂದಿದೆ. ಎಕ್ಸ್‌ಪ್ರೆಸ್ ಈಗಲೂ ಓಡುತ್ತದೆ. ಎರಡನೇ ಲೈನಿನ ಗಾಡಿ ಮಾತ್ರ ಅಲ್ಲಾಡುವುದಿಲ್ಲ, ಕಿಟಕಿಯೊಳಗಿನ ಟೊಪ್ಪಿಯ ಗೊಂಬೆ ಅದನ್ನೇ ನೋಡುತ್ತ ನಿಂತಿದೆ. ಟ್ಯಾಂಕು ಕಿತ್ತ ಜಾಗದ ಗುಳಿಗೆ ಹಲ್ಲಿನಕ್ಕ ಗಚ್ಚು ಕಲಸಿಕೊಂಡು ಹೋದಾಗ ಅಮ್ಮ ತಡೆದರು.

“ಅದು ಹಾಗೇ ಇರ್ಲಿ. ಅದು ನಿಂದು.”

ಗುಳಿ ಹಾಗೇ ಇದೆ. ಮೊನ್ನೆ ಡಾಕ್ಟರ ಕಡೆಯಿಂದ ದೊಡ್ಡಪ್ಪನ ಸೆಟ್ಟು ಬಂತು, ಸಡಿಲ ಆಗಿದೆಯಂತೆ, ಮಾತಾಡುವಾಗ ಟಕಟಕ ಅನ್ನುತ್ತದಂತೆ, ಬೇಗ ಸರಿಮಾಡಿ ಕೊಡಬೇಕಂತೆ. ಹಲ್ಲಿನಕ್ಕ ಅದನ್ನು ತೊಳೆದು, ಒರೆಸಿ, ಗುಡ್ಡದ ಪಕ್ಕ ಇಟ್ಟಿದ್ದಾಳೆ.

ಅಮ್ಮ ಹಲಗೆಯ ಕೆಳಗೆ ನುಸುಳುತ್ತ ಕೇಳಿದರು: “ಭಾವನ ಹಲ್ಲು ಯಾವಾಗ ಕೊಡ್ತೀಯೇ?”

“ಫೋನ್ ಮಾಡ್ಲಿ,” ಅಂದಳು ಅವಳು. “ಬಂದ್ರೆ ಎತ್ತುತ್ತೀನಿ.”