ಶೆವೆಲ್ ಮೂಗು ತಗ್ಗಿಸಿದ್ದು

ಗುರುವಾರ ಬೆಳಗ್ಗೆ ಹತ್ತಕ್ಕೆ ಡೆಲ್ಬರ್ಟ್ ಟ್ಯಾಕೆಟ್ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲೆತ್ತಿ, ಅಕ್ಕ ವಿಲ್ಮಾಳ ಮುಖವನ್ನೇ ನೋಡುತ್ತ ನಿಂತ. ಆರು ವರ್ಷ ಕಾದದ್ದು ಈ ಗಳಿಗೆಗೆ. ಒಳಗೆ ಕಡುಹಸಿರು ಶೆವೆಲ್ ಕಾರು ನಿಂತಿತ್ತು. 1970ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಫ್ಲಿಂಟಿನ ಕಾರ್ಖಾನೆಯಲ್ಲಿ ದುಡಿದ ಸಂಬಳದಲ್ಲೇ ವಿಲ್ಮಾ ಕೊಂಡ ಗಾಡಿ ಅದು. ಮಗಳು ಹುಟ್ಟಿದ ವರ್ಷ ಮಾರಿದ್ದಳು. ಒಹಾಯೋದಲ್ಲಿ ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿದ್ದನ್ನು ತಮ್ಮ ಪತ್ತೆ ಹಚ್ಚಿ ತಂದು, ಒಂದೊಂದು ಬೋಲ್ಟನ್ನೂ ಬಿಚ್ಚಿ ಮತ್ತೆ ಕಟ್ಟಿದ್ದ.

ವಿಲ್ಮಾ ಒಂದು ಸುತ್ತು ಬಂದಳು. ಬಣ್ಣದ ಮೇಲೆ ಬೆರಳಾಡಿಸಿದಳು, ಸೀಟು ಮುಟ್ಟಿದಳು. ಆಮೇಲೆ ಅಂಗಳಕ್ಕಿಳಿದು, ಹತ್ತು ಹೆಜ್ಜೆ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದಳು.

"ಚೆನ್ನಾಗಿದೆ ಕಣೋ ಡೆಲ್. ಯಾರ್ ಗಾಡಿ?"

"ಯಾರ್ ಗಾಡಿ ಅಂದ್ರೆ? ನಿಂದೇ! ಬೇಕಾದ್ರೆ ಚಾಸಿ ನಂಬರ್ ನೋಡು."

"ನಂಬರ್ ನಂದೇ ಇರ್ಬೋದು. ಆದ್ರೆ ನನ್ ಗಾಡಿ ಹಿಂಗೆ ಮೂಗೆತ್ಕೊಂಡು ನಿಲ್ತಿರ್ಲಿಲ್ಲ. ನಮ್ಮ ಚಿಕ್ಕಮ್ಮ ಚರ್ಚಿಗೆ ಹೊರಟ ಹಾಗಿದೆ."

ಡೆಲ್ಬರ್ಟನ ಮುಖ ಇಳಿದುಹೋಯಿತು. ಶನಿವಾರ ಸ್ಯಾಗಿನಾ ರಸ್ತೆಯ ಇಟ್ಟಿಗೆ ಹಾಸಿನ ಮೇಲೆ ಹಳೆಯ ಗಾಡಿಗಳ ಮೆರವಣಿಗೆ. ಸೋಮವಾರ ವಿಲ್ಮಾಳಿಗೆ ಎರಡನೇ ಸುತ್ತಿನ ಕ್ಯಾನ್ಸರ್ ಚಿಕಿತ್ಸೆ ಶುರು. ಅದಾದ ಮೇಲೆ ಸ್ಟಿಯರಿಂಗ್ ಹಿಡಿಯುವ ತ್ರಾಣ ಉಳಿಯುತ್ತದೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಅವಳು ಓಡಿಸಬೇಕಾದರೆ ಈ ಶನಿವಾರವೇ.

"ಓಡಿಸ್ತೀಯ ತಾನೇ?" ಎಂದ, ಅಂಜುತ್ತಲೇ.

"ನಂದಾದ್ರೆ ಓಡಿಸ್ತೀನಿ. ಕಂಡೋರ ಗಾಡೀಲಿ ಕೂತು ಕೈ ಬೀಸೋಕೆ ನಾನೇನು ಮೇಯರ್ ಹೆಂಡ್ತೀನಾ?"

ಅವಳು ಸುಳ್ಳು ಹೇಳುವವಳಲ್ಲ. ತಮ್ಮನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುವವಳಂತೂ ಅಲ್ಲವೇ ಅಲ್ಲ.

ಅವಳು ಹೇಳಿದ್ದು ನಿಜವೆಂದು ಡೆಲ್ಬರ್ಟನಿಗೂ ಗೊತ್ತಿತ್ತು. ಹದಿನಾರರ ಹುಡುಗನಾಗಿದ್ದಾಗ ಅವನು ಈ ಗಾಡಿಯನ್ನು ಮೊದಲು ಕಂಡದ್ದು ಮನೆಯ ಮುಂದಿನ ರಸ್ತೆಯಲ್ಲಿ. ಹಿಂಭಾಗ ತುಸು ಮೇಲೆ, ಮೂಗು ತುಸು ಕೆಳಗೆ. ಮುಂದಿನ ಟೈರಿಗೂ ಅದರ ಮೇಲಿನ ತಗಡಿನ ಅಂಚಿಗೂ ನಡುವೆ ಮೂರೇ ಬೆರಳು. ಎಂಜಿನ್ ಆರಿಸಿ ನಿಲ್ಲಿಸಿದ್ದರೂ, ಬೆಕ್ಕು ಇಲಿಯ ಮೇಲೆ ಹಾರುವ ಮುಂಚೆ ಮೈ ಬಿಗಿ ಹಿಡಿದ ಹಾಗೆ ಕಾಣುತ್ತಿತ್ತು. ಕಬ್ಬಿಣಕ್ಕೆ ಜೀವ ಬಂದದ್ದನ್ನು ಆಗ ಅವನು ಕಣ್ಣಾರೆ ಕಂಡ. ಬಣ್ಣ, ಎಂಜಿನ್ ಎಲ್ಲ ಆಮೇಲಿನ ಮಾತು. ಗಾಡಿ ನೆಲದ ಮೇಲೆ ಹೇಗೆ ನಿಲ್ಲುತ್ತದೆ ಎನ್ನುವುದರಲ್ಲೇ ಅದರ ಜೀವ ಇರುವುದು ಎಂದು ಅವತ್ತಿನಿಂದ ಇವತ್ತಿನವರೆಗೂ ನಂಬಿದವನು ಅವನು. ಈಗ ಅದೇ ಸಂದಿನಲ್ಲಿ ಕೈ ಇಟ್ಟು ನೋಡಿದ. ಇಡೀ ಮುಷ್ಟಿ ತೂರಿತು.

ಪಕ್ಕದ ಮನೆಯ ರಸ್ನಾಕ್ ಬೇಲಿ ದಾಟಿ ಬಂದ. ಕೇಳದಿದ್ದರೂ ಬುದ್ಧಿ ಹೇಳುವ ಪುಣ್ಯಾತ್ಮ.

"ಸ್ಪ್ರಿಂಗ್ ಉದ್ದ ಆಯ್ತು. ಅರ್ಧ ಸುತ್ತು ಕತ್ತರಿಸಿ ಬಿಸಾಕು, ತಾನೇ ಕೂರುತ್ತೆ. ನನ್ ಹತ್ರ ಕತ್ತರಿಸೋ ಮಿಷನ್ ಇದೆ, ತರ್ಲಾ?"

"ತಾ," ಎಂದ ಡೆಲ್ಬರ್ಟ್. ಬೇರೆ ದಾರಿ ಕಾಣಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸ್ಪ್ರಿಂಗಿನದೂ ಅದೇ ಕತೆ, ಹೆಚ್ಚು ಕತ್ತರಿಸಿದರೆ ಮತ್ತೆ ಸೇರಿಸಲಾಗದು, ಹೊಸದು ಶನಿವಾರದೊಳಗೆ ಸಿಗದು. ಗೊತ್ತಿದ್ದೂ ಜಾಕ್ ಎಳೆದುಕೊಂಡ.

ವಿಲ್ಮಾ ಮಡಚುವ ಕುರ್ಚಿಯಲ್ಲಿ ಕೂತು ಇವರಿಬ್ಬರ ಸಡಗರ ನೋಡುತ್ತಿದ್ದಳು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಚಕ್ರದ ತೋಳುಗಳನ್ನು ಜೋಡಿಸಿದವಳನ್ನು ಒಂದು ಮಾತು ಕೇಳಬೇಕೆಂದು ಇಬ್ಬರು ಗಂಡಸರಿಗೂ ಹೊಳೆದಿರಲಿಲ್ಲ.

"ಡೆಲ್, ಆ ತೋಳುಗಳ ಬುಡದ ಬೋಲ್ಟು ಯಾವಾಗ ಬಿಗಿದೆ?"

"ಮಾರ್ಚಲ್ಲಿ."

"ತಿಂಗಳು ಯಾರ್ ಕೇಳಿದ್ರು? ಗಾಡಿ ನೆಲದ ಮೇಲಿತ್ತಾ, ಗಾಳೀಲಿತ್ತಾ?"

ಡೆಲ್ಬರ್ಟ್ ಜಾಕನ್ನು ಕೆಳಗಿಟ್ಟ. ಆಗ ಗಾಡಿ ಸ್ಟ್ಯಾಂಡಿನ ಮೇಲಿತ್ತು, ಚಕ್ರದ ತೋಳುಗಳು ಕೆಳಗೆ ಜೋತುಬಿದ್ದಿದ್ದವು.

"ಅಯ್ಯೋ ದಡ್ಡ! ಆ ಬುಡದಲ್ಲಿರೋದು ರಬ್ಬರ್ ಕಣೋ. ಜೋತುಬಿದ್ದಾಗ ಬಿಗಿದ್ರೆ ಅದು ಹಾಗೇ ಹಿಡ್ಕೊಳ್ಳುತ್ತೆ. ಆಮೇಲೆ ಗಾಡಿ ಕೂರೋಕೆ ಹೋದ್ರೆ ತಿರುಚ್ಕೊಂಡು ಮೇಲಕ್ಕೇ ನೂಕುತ್ತೆ. ನೀನು ಕೂರು ಅಂತೀಯ, ಅದು ಕೂರಲ್ಲ ಅಂತ ಹಟ ಹಿಡಿದಿದೆ. ಅದಕ್ಕೆ ಸ್ಪ್ರಿಂಗ್ ಕತ್ತರಿಸ್ತಾರಂತೆ! ರಸ್ನಾಕ್, ಆ ಮಿಷನ್ ತಗೊಂಡ್ಹೋಗಿ ನಿನ್ ಮನೆ ಪೈಪ್ ಕತ್ತರಿಸ್ಕೋ."

ತುದಿಯನ್ನು ಓರೆಯಾಗಿ ಕೊಯ್ದ ದಪ್ಪ ಹಲಗೆಗಳ ಮೇಲೆ ನಾಲ್ಕೂ ಚಕ್ರ ಹತ್ತಿಸಿದರು. ಡೆಲ್ಬರ್ಟ್ ಕೆಳಗೆ ತೂರಿ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಕೊನೆಯದು ಸಡಿಲವಾದಾಗ ರಬ್ಬರು ಕಿರ್ರೆಂದು ಒಮ್ಮೆ ನರಳಿತು. ಹೊರಗೆ ಬಂದ ಮೇಲೆ ಅವನೂ ರಸ್ನಾಕನೂ ಮುಂದಿನ ಬಂಪರನ್ನು ನಾಲ್ಕು ಸಲ ಅದುಮಿ ಬಿಟ್ಟರು.

ಗಾಡಿ ಇಳಿಯಿತು. ಸದ್ದಿಲ್ಲದೆ, ಅವಸರವಿಲ್ಲದೆ, ಭಾರ ಹೊತ್ತು ಬಂದವನು ಕೊನೆಗೆ ಕೂತ ಹಾಗೆ ಇಳಿಯಿತು. ರಸ್ನಾಕ್ ಟೋಪಿ ತೆಗೆದ. ಡೆಲ್ಬರ್ಟ್ ಮುಂದಿನ ಟೈರಿನ ಸಂದಿಗೆ ಬೆರಳಿಟ್ಟ. ಒಂದಂಗುಲ, ಹೆಚ್ಚೆಂದರೆ ಒಂದೂಕಾಲು. ಅಷ್ಟರಲ್ಲೇ ಬೇರೆ ಪ್ರಾಣಿಯೇ ಬಂದು ನಿಂತಂತಾಗಿತ್ತು.

"ಈಗ ಬಿಗಿ ಮಾಡ್ತೀನಿ," ಎಂದು ಮತ್ತೆ ನೆಲಕ್ಕೆ ಬಗ್ಗಿದ.

"ತಡಿ. ಓಡಿಸೋಳು ಕೂರದೆ ಬಿಗಿ ಮಾಡ್ತಾರಾ?" ಎಂದು ವಿಲ್ಮಾ ಎದ್ದಳು. ಬಾಗಿಲು ತೆಗೆದು, ಒಂದು ಕೈಯಲ್ಲಿ ಚಾವಣಿಯ ಅಂಚು ಹಿಡಿದು, ನಿಧಾನವಾಗಿ ಸೀಟಿಗೆ ಜಾರಿದಳು.

ಡೆಲ್ಬರ್ಟನಿಗೆ ಏನೋ ಹೊಳೆಯಿತು. ನೆಲಮಾಳಿಗೆಗೆ ಓಡಿ, ಗಡಸು ನೀರನ್ನು ಮೆದು ಮಾಡಲು ಹಾಕುವ ಉಪ್ಪಿನ ನಲವತ್ತು ಪೌಂಡಿನ ಮೂಟೆಯೊಂದನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬಂದ.

"ಅದ್ಯಾಕೋ?"

ಅವನು ಅವಳ ಕಣ್ಣು ತಪ್ಪಿಸಿದ. "ಆಗ ನೀನು ನೂರೈವತ್ತು ಪೌಂಡ್ ಇದ್ದೆ. ಈಗ... ಪಕ್ಕದಲ್ಲಿ ಇಟ್ರೆ ಸರಿ ಹೋಗುತ್ತೆ. ಆಗ ಹೆಂಗೆ ನಿಂತಿತ್ತೋ ಹಂಗೇ ನಿಲ್ಲುತ್ತೆ."

ವಿಲ್ಮಾ ಮೂಟೆಯತ್ತ ನೋಡಿದಳು. ಸ್ಟಿಯರಿಂಗಿನ ಮೇಲಿದ್ದ ಅವಳ ಕೈಯ ಮೂಳೆಗಳು ಎದ್ದು ಕಾಣುತ್ತಿದ್ದವು.

"ಮೂಟೆ ಕೆಳಗಿಡು, ಸೊಂಟ ಉಳುಕೀತು," ಎಂದಳು ಮೆತ್ತಗೆ. "ಶನಿವಾರ ಓಡಿಸೋಳು ನಾನು ಕಣೋ, ಆ ಹುಡುಗಿ ಅಲ್ಲ. ನೂರ ಹತ್ತು ಇದ್ದೀನಿ. ನೂರ ಹತ್ತಕ್ಕೇ ಬಿಗಿ ಮಾಡು."

ಡೆಲ್ಬರ್ಟ್ ಕೆಳಗೆ ತೂರಿದ. ಕಣ್ಣು ಮಂಜಾಗಿ ಎರಡು ಸಲ ಸ್ಪ್ಯಾನರು ಜಾರಿತು. ಅಕ್ಕನ ಭಾರ ಆ ತೋಳುಗಳ ಮೇಲೆ ಕೂತಿತ್ತು. ಇದ್ದಷ್ಟೇ ಭಾರ, ಒಂದು ಪೌಂಡು ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದೊಂದು ಬೋಲ್ಟನ್ನೂ ಅದಕ್ಕೆ ಸರಿಯಾಗಿ ಬಿಗಿದ.

ಹೊರಬಂದು, ಅಂಗಳದಲ್ಲಿ ಹತ್ತು ಹೆಜ್ಜೆ ಹಿಂದೆ ಸರಿದು ತಿರುಗಿ ನೋಡಿದ. ಎಪ್ಪತ್ತಾಗಿದ್ದ ಮನುಷ್ಯ ಒಂದು ಕಣ್ಣು ಮುಚ್ಚಿ ಎತ್ತರ ಅಳೆದ. ಗಾಡಿ ಒಂದು ಕೂದಲೆಳೆಯಷ್ಟು ಎತ್ತರ ನಿಂತಿದ್ದೀತು, ಅವತ್ತಿಗಿಂತ. ಅವನ ಕಣ್ಣಿಗೆ ಅದಕ್ಕಿಂತ ಚಂದದ್ದು ಈ ಭೂಮಿಯ ಮೇಲೆ ಇರಲಿಲ್ಲ.

"ಇಳಿದು ಬಂದು ನೋಡಲ್ವೇನೇ?" ಎಂದ ಕೊನೆಗೆ.

ಉತ್ತರವಾಗಿ ಎಂಜಿನ್ ಗುಡುಗಿತು. ಕಿಟಕಿಯ ಗಾಜು ನಡುಗಿತು, ರಸ್ನಾಕನ ನಾಯಿ ಬೊಗಳಿತು.

"ವಿಲ್ಮಾ! ಶನಿವಾರ ಕಣೇ! ಚಕ್ರದ ನೇರ ಇನ್ನೂ ನೋಡಿಸಿಲ್ಲ, ಸೊಟ್ಟಗೆ ಎಳೆಯುತ್ತೆ!"

"ಎಳೀಲಿ ಬಿಡು. ಸೊಟ್ಟಗೇ ಹೋಗ್ತೀನಿ!"

ಶೆವೆಲ್ ಹಲಗೆಯಿಂದ ಇಳಿದು, ಅಂಗಳ ದಾಟಿ, ರಸ್ತೆಗೆ ಬಿತ್ತು. ಅವಳು ತಿರುಗಿ ನೋಡಲಿಲ್ಲ, ಕೈಯನ್ನೂ ಬೀಸಲಿಲ್ಲ. ಎರಡೂ ಕೈ ಸ್ಟಿಯರಿಂಗಿಗೆ ಬೇಕಾಗಿದ್ದವು.