ಬೈರಣ್ಣನ ಕಾರಿನ ಏಳು ನಿಯಮ

ಸುಳ್ಳು ಹೇಳುವುದು ವಿಮಲಾಗೆ ಬರುತ್ತಿರಲಿಲ್ಲ. ಹೇಳಬೇಕಾದ್ದನ್ನು ನುಂಗಿಕೊಂಡು ಸುಮ್ಮನಿರುವುದು ಮಾತ್ರ ಹುಟ್ಟಿನಿಂದಲೇ ಬಂದಿತ್ತು. ಎರಡಕ್ಕೂ ಫಲ ಒಂದೇ ಎಂದು ಗೊತ್ತಾದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಬೈರಣ್ಣ ಕಾರು ಕೊಂಡ ಮೇಲೆ. ಆ ಕಾರಿನ ನಿಯಮಗಳನ್ನು ಬರೆದುಕೊಟ್ಟ ರಾತ್ರಿ ಡೈರಿಯಲ್ಲಿ ಅವಳು ಬರೆದುಕೊಂಡದ್ದು ಇಷ್ಟೇ: "ಐದನೇ ನಿಯಮ ನನ್ನ ಊಹೆ. ಅದು ತಪ್ಪಿದ್ದರೆ?"

ಬೈರಣ್ಣ ಅವರ ಮನೆ ಮಾಲೀಕ. ಪುಟ್ಟೇನಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಅವನ ಹೊಲದಲ್ಲಿ ಈಗ ನಾಲ್ಕು ಬಾಡಿಗೆ ಮನೆ ಎದ್ದಿದ್ದವು. ಒಂದರಲ್ಲಿ ವಿಮಲಾ ಮತ್ತು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅವಳ ಅಪ್ಪ ಪರಮಶಿವಯ್ಯ ಇದ್ದರು. ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಜೆ.ಪಿ. ನಗರದಲ್ಲಿದ್ದ ಜರ್ಮನ್ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಹಳೇ ಕಾರನ್ನು ಬೈರಣ್ಣ ಕೊಂಡ. ಹಿಂದೆ ಬೆಳ್ಳಿ ಅಕ್ಷರದಲ್ಲಿ ‘ಟರ್ಬೊ’ ಎಂದಿತ್ತು. ಸ್ಟೇರಿಂಗು ಎಡಗಡೆ. ಬಲಗಡೆ ಕೂತ ಬೈರಣ್ಣನ ಹೆಂಡತಿ ಮುನಿಲಕ್ಷ್ಮಮ್ಮನೇ ಓಡಿಸುತ್ತಿದ್ದಾಳೆಂದು ತಿಳಿದು, ಎಲೆ ಅಡಿಕೆ ಮಡಿಸುತ್ತಿದ್ದ ಅವಳ ಎರಡು ಕೈಗಳನ್ನೂ ನೋಡಿ, ಎದುರು ಬಂದ ಸೈಕಲ್ಲಿನವರು ತಾವೇ ಚರಂಡಿಗೆ ಇಳಿದುಬಿಡುತ್ತಿದ್ದರು.

ಕಾರಿನ ಜೊತೆ ಒಂದು ಪುಸ್ತಕವೂ ಬಂದಿತ್ತು. ಅದನ್ನು ಬೈರಣ್ಣ ಜಗಲಿ ಮೇಲೆ ಎಲ್ಲರ ಮುಂದೆ ವಿಮಲಾ ಕೈಗಿಟ್ಟ. "ಹೆಂಗ್ ಸಾಕ್ಬೇಕು ಅಂತ ಇದ್ರಾಗೈತಂತೆ. ಕನ್ನಡದಾಗೆ ಬರ್ಕೊಡು ಅಮ್ಮಣ್ಣಿ."

"ನಮ್ಮ ವಿಮಲಾ ಬಿ.ಎ. ಅಲ್ವಾ, ಬರೀತಾಳೆ ಬಿಡಿ" ಎಂದರು ಅಪ್ಪ.

ವಿಮಲಾ ಪುಟ ತೆರೆದಳು. ಅಕ್ಷರವೆಲ್ಲ ಇಂಗ್ಲಿಷಿನದೇ, ಮಾತು ಮಾತ್ರ ಇಂಗ್ಲಿಷಲ್ಲ. ಒಂದೊಂದು ಪದ ರೈಲಿನಷ್ಟು ಉದ್ದ. ಇದು ನನಗೆ ಬರೋಲ್ಲ ಎನ್ನಲು ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಫಿ ಬಂತು, ಮಾತು ಕಾವೇರಿ ನೀರಿನ ಪೈಪಿನ ಕಡೆ ತಿರುಗಿತು, ಪುಸ್ತಕ ಅವಳ ತೊಡೆಯ ಮೇಲೇ ಉಳಿಯಿತು.

ಪುಣ್ಯಕ್ಕೆ ಅದರಲ್ಲಿ ಚಿತ್ರಗಳಿದ್ದವು. ಎರಡು ದಿನ ಕೂತು ಅವಳು ಚಿತ್ರಗಳಿಂದಲೇ ಏಳು ನಿಯಮ ಹೊರಡಿಸಿದಳು. ಉಷ್ಣಮಾಪಕದ ಚಿತ್ರ: ‘ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಓಡಿಸಬಾರದು, ಎಂಜಿನ್ ಬೆಚ್ಚಗಾಗಲಿ.’ ಗಡಿಯಾರ ಮತ್ತು ಕೀಲಿಕೈ: ‘ದೂರದಿಂದ ಬಂದು ನಿಲ್ಲಿಸಿದ ಮೇಲೆ ಎರಡು ನಿಮಿಷ ಎಂಜಿನ್ ಆರಿಸಬಾರದು.’ ಕೊಳವೆ ಹಿಸುಕುವ ಕೈ: ‘ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯೇ ಎಂದು ತಿಂಗಳಿಗೊಮ್ಮೆ ಮುಟ್ಟಿ ನೋಡಬೇಕು.’ ಹಿಂದಿನ ಸೀಟಿನಲ್ಲಿ ನಾಯಿ: ‘ನಾಯಿ ಹಿಂದೆ ಕೂರಬೇಕು.’ ಐದನೆಯದು ಎಣ್ಣೆ ಡಬ್ಬಿ, ಅದರ ಮೇಲೆ ಕೆಂಪು ಅಡ್ಡಗೆರೆ. ಬಹಳ ಯೋಚಿಸಿ ಬರೆದಳು: ‘ಎಂಜಿನ್ನಿನ ಎಣ್ಣೆ ಬದಲಾಯಿಸಬಾರದು.’

ಎರಡನೇ ನಿಯಮ ಓದಿ ಬೈರಣ್ಣ ತೊಡೆ ತಟ್ಟಿದ. "ಉತ್ತು ಬಂದ ಎತ್ತನ್ನ ಕೂಡ್ಲೇ ನೀರಿಗೆ ಬಿಡ್ತೀವಾ? ಏದುಸಿರು ಇಳೀಲಿ ಅಂತ ನಿಲ್ಲಿಸ್ಕೊಳ್ಳಲ್ವಾ? ಜರ್ಮನಿಯೋನೂ ಬೇಸಾಯಗಾರನೇ ಕಣ್ರಲಾ." ಅಲ್ಲಿಗೆ ಉಳಿದ ಆರಕ್ಕೂ ಮುದ್ರೆ ಬಿತ್ತು. ಹಾಳೆಗೆ ಗಾಜು, ಕಟ್ಟು ಹಾಕಿಸಿ ಶೆಡ್ಡಿನಲ್ಲಿ ದೇವರ ಪಟದ ಪಕ್ಕ ತೂಗುಹಾಕಿದ. ಮುನಿಲಕ್ಷ್ಮಮ್ಮ ದಿನಾ ಎರಡಕ್ಕೂ ಕುಂಕುಮ ಇಡುತ್ತಿದ್ದಳು. ಕಾರು ಬಂದು ನಿಂತರೆ ಎರಡು ನಿಮಿಷ ಯಾರೂ ಇಳಿಯುವಂತಿರಲಿಲ್ಲ. ನೆಂಟರು ಒಳಗೇ ಕೈಕಟ್ಟಿ ಕೂತಿರುತ್ತಿದ್ದರು. ಬೀದಿ ನಾಯಿಯೊಂದನ್ನು ಹಿಡಿದು ತಂದು ಹಿಂದೆ ಕೂರಿಸಿದ್ದೂ ಆಯಿತು.

"ನಮ್ಮಕ್ಕಂಗೆ ಜಾಗಿಲ್ಲ, ಇದಕ್ಕೆ ಕಿಟಕಿ ಪಕ್ಕ ಬೇರೆ" ಎಂದಳು ಮುನಿಲಕ್ಷ್ಮಮ್ಮ.

"ಪುಸ್ತಕದಾಗೈತೆ" ಎಂದ ಬೈರಣ್ಣ.

ತೊಂದರೆ ಶುರುವಾದದ್ದು ಏಳೆಂಟು ತಿಂಗಳ ಮೇಲೆ, ಮೆಕ್ಯಾನಿಕ್ ಶಾಮಣ್ಣನಿಂದ. ಕೆರೆ ದಾರಿಯ ಹೊಂಗೆಮರದ ಕೆಳಗೆ ಅವನ ಗ್ಯಾರೇಜು. ಬರುವ ಭಾನುವಾರ ಬೈರಣ್ಣ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದ. ಅದಕ್ಕೆ ಮುಂಚೆ ಒಮ್ಮೆ ನೋಡು ಎಂದು ಬುಧವಾರ ಅವನನ್ನು ಕರೆಸಿದ್ದ. ಶಾಮಣ್ಣ ಅಳತೆ ಕಡ್ಡಿ ಎಳೆದು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿದ.

"ಅಣ್ಣ, ಇದು ಎಣ್ಣೆಯಲ್ಲ, ಕಾಡಿಗೆ. ಬದಲಾಯಿಸ್ದೆ ಘಾಟಿ ಹತ್ತಬೇಡಿ. ಹೊಗೆ ಹೋಗೋ ರಭಸಕ್ಕೆ ಒಳಗೊಂದು ಚಕ್ರ ತಿರುಗತ್ತೆ, ಅದು ಎಂಜಿನ್‌ಗೆ ಗಾಳಿ ತುಂಬತ್ತೆ. ಟರ್ಬೊ ಅಂದ್ರೆ ಅದೇ. ಅದರ ಪ್ರಾಣ ಇರೋದೇ ಒಳ್ಳೇ ಎಣ್ಣೇಲಿ."

"ಐದನೇದು ಓದು" ಎಂದ ಬೈರಣ್ಣ.

ಶಾಮಣ್ಣ ಗೋಡೆ ನೋಡಿದ. "ಇದ್ಯಾವನಣ್ಣಾ ಬರೆದೋನು?"

"ಬಿ.ಎ. ಬರೆದಿರೋದು. ನಿನ್ನ ಎಸ್ಸೆಲ್ಸಿ ಏನಾಯ್ತು? ಎತ್ತಿನ ರಕ್ತ ಬದಲಾಯಿಸ್ತೀವೇನ್ಲಾ ನಾವು?"

"ಕೊಟ್ಟಿಗೆ ಸಗಣಿ ದಿನಾ ಬಾಚಲ್ವೇನಣ್ಣಾ?"

ಸುತ್ತ ನಿಂತಿದ್ದವರು ನಕ್ಕರು. ಬೈರಣ್ಣ ನಗಲಿಲ್ಲ.

ಕಿಟಕಿಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ವಿಮಲಾ ಪುಸ್ತಕ ತೆಗೆದಳು. ಅವಳು ತಿರುವದೆ ಬಿಟ್ಟಿದ್ದ ಮುಂದಿನ ಪುಟದಲ್ಲಿ ಇನ್ನೊಂದು ಬಣ್ಣದ ಡಬ್ಬಿ ಇತ್ತು, ಅಡ್ಡಗೆರೆ ಇರಲಿಲ್ಲ. ಆ ಎಣ್ಣೆ ಬೇಡ, ಈ ಎಣ್ಣೆ ಹಾಕು: ಇಷ್ಟನ್ನು ಹೇಳಲು ಜರ್ಮನಿಯವನು ಎರಡು ಪುಟ ತೆಗೆದುಕೊಂಡಿದ್ದ. 

ಗುರುವಾರ ಮಧ್ಯಾಹ್ನ ನಿಯಮಗಳ ಕಟ್ಟು ಇಳಿಸಿಕೊಳ್ಳಲು ಶೆಡ್ಡಿಗೆ ಹೋದಳು. ಮುನಿಲಕ್ಷ್ಮಮ್ಮ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು.

"ಏನ್ ಮಗಾ?"

"ಇನ್ನೊಂದ್ಸಲ ಚೆನ್ನಾಗಿ ಬರ್ಕೊಡೋಣ ಅಂತ..."

"ಪೂಜೆ ಮಾಡಿರೋದನ್ನ ಇಳಿಸ್ಬಾರ್ದು ಮಗಾ. ಕೂತ್ಕೊ, ಕಾಯಿ ಸುಲಿ." ವಿಮಲಾ ಒಂದು ಸೇರು ಕಾಯಿ ಸುಲಿದು ಮನೆಗೆ ಬಂದಳು.

ಶುಕ್ರವಾರ ಚೀಟಿ ಬರೆದಳು: ‘ಬೆಟ್ಟಕ್ಕೆ ಹೋಗುವ ಮುಂಚೆ ದಯವಿಟ್ಟು ಎಣ್ಣೆ ಬದಲಾಯಿಸಿ.’ ಹೆಸರು ಹಾಕದೆ, ಯಾರೂ ಇಲ್ಲದಾಗ, ಕಾರಿನ ವೈಪರಿಗೆ ಸಿಕ್ಕಿಸಿ ಓಡಿಬಂದಳು. ಸಂಜೆ ಬೈರಣ್ಣ ಆ ಚೀಟಿ ಹಿಡಿದು ಅವರ ಮನೆ ಬಾಗಿಲಿಗೇ ಬಂದ.

"ನೋಡಮ್ಮಣ್ಣಿ, ಆ ಶಾಮಣ್ಣನ ಕಿತಾಪತಿ. ಯಾರ್ ಕೈಲೋ ಬರೆಸವ್ನೆ. ಅಕ್ಷರ ಮಾತ್ರ ದುಂಡುಗವೆ. ನೀನು ಓದಿದೋಳು, ನೀನೇ ಹೇಳು, ಇಂಥೋನನ್ನ ನಂಬಬೋದಾ?"

ವಿಮಲಾ ಬಾಯಿ ತೆರೆದಳು. "ಅದು... ಕಾಫಿ ಕುಡೀತೀರಾ?"

ಮಾರನೇ ದಿನ ಶಾಮಣ್ಣನಿಗೆ ಹೇಳಿಕಳಿಸಿದ್ದಾಯಿತು: ಇನ್ನು ನನ್ನ ಗೇಟಿನೊಳಗೆ ಕಾಲಿಡಬೇಡ. ಬೈರಣ್ಣನ ಟ್ರ್ಯಾಕ್ಟರು, ಅವನ ಅಣ್ಣತಮ್ಮಂದಿರ ಲಾರಿಗಳು, ಯಾವುದನ್ನೂ ಅವನು ಮುಟ್ಟಕೂಡದು. ಊರಲ್ಲಿ ಅರ್ಧಕ್ಕರ್ಧ ಗಾಡಿ ಅವರವೇ. ಕಾರು ಹೋದರೆ ಒಂದು ಕಾರು, ಆದರೆ ಒಬ್ಬ ಮನುಷ್ಯನ ಗ್ಯಾರೇಜೇ ಮುಚ್ಚಿಸುವಷ್ಟು ಬಲ ತನ್ನ ದುಂಡು ಅಕ್ಷರಕ್ಕೆ ಇದೆಯೆಂದು ವಿಮಲಾ ಎಂದೂ ಎಣಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಕಾರು ರಸ್ತೆಯಲ್ಲಿ ನಿಂತು ಬೆಚ್ಚಗಾಗುತ್ತಿತ್ತು. ಮುನಿಲಕ್ಷ್ಮಮ್ಮ ಬಲಗಡೆ, ನಾಯಿ ಹಿಂದಿನ ಕಿಟಕಿಯಲ್ಲಿ, ಮಧ್ಯೆ ಚಿತ್ರಾನ್ನದ ಡಬ್ಬಿ. ಚಕ್ರಕ್ಕೆ ನಿಂಬೆಹಣ್ಣು ಇಡುವಾಗ ಶಾಮಣ್ಣ ಬಂದ. ಗೇಟಿನೊಳಗೆ ಕಾಲಿಡಲಿಲ್ಲ, ರಸ್ತೆಯಲ್ಲೇ ನಿಂತ. ಕೈಯಲ್ಲಿ ಹೊಸ ಎಣ್ಣೆ ಡಬ್ಬಿ.

"ಅಣ್ಣ, ಕಾಲಿಗೆ ಬೀಳ್ತೀನಿ, ಅರ್ಧ ಗಂಟೆ ಕೊಡಿ. ಆಮೇಲೆ ಬೇಕಾದ್ರೆ ಜನ್ಮದಲ್ಲಿ ಮಾತಾಡಿಸ್ಬೇಡಿ."

"ರಸ್ತೆ ನಿಮ್ಮಪ್ಪಂದಲ್ಲ, ಅದಕ್ಕೆ ಬಿಟ್ಟಿದೀನಿ. ಸರ್ಕೊ."

"ಕನಕಪುರ ದಾಟಿದ್ರೂ ಬೆಟ್ಟ ಹತ್ತಲ್ಲ ಅಣ್ಣ ಇದು. ಘಾಟಿ ಮಧ್ಯ ಸಂಸಾರ ಇಳಿಸ್ಕೊಂಡು ಕೂರ್ತೀರಾ?"

"ಹೊರಡೋ ಹೊತ್ತಲ್ಲಿ ಅಪಶಕುನ ನುಡೀತೀಯಾ?" ಬೈರಣ್ಣನ ಮುಖ ಕೆಂಪಾಯಿತು. ಬಾಡಿಗೆ ಮನೆಯವರೆಲ್ಲ ಹಲ್ಲುಜ್ಜುತ್ತಲೇ ಹೊರಗೆ ಬಂದಿದ್ದರು. ಬೈರಣ್ಣ ಸುತ್ತ ನೋಡಿ, ರಂಗೋಲಿ ಡಬ್ಬಿ ಹಿಡಿದು ನಿಂತಿದ್ದವಳನ್ನು ಕಂಡ. "ಬಾರಮ್ಮಣ್ಣಿ. ಆ ಪುಸ್ತಕ ತಗೊಂಬಂದು ಐದನೇದು ಈ ಬೃಹಸ್ಪತಿಗೆ ಓದಿ ಹೇಳು. ಹಂಗೇ ಓದು, ಜರ್ಮನಿಯೋನು ಬರೆದಂಗೇ."

ವಿಮಲಾ ಪುಸ್ತಕ ತಂದಳು. ಪುಟ ತೆರೆದಳು. ರೈಲಿನಂಥ ಪದಗಳು ಅವಳ ಮುಂದೆ ನಿಂತಿದ್ದವು. ಅಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ, ಓದಮ್ಮ ಎನ್ನುವಂತೆ ತಲೆಯಾಡಿಸಿದರು. ಶಾಮಣ್ಣ ಅವಳನ್ನು ನೋಡಲಿಲ್ಲ, ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ನೋಡುತ್ತಿದ್ದ. ಈ ಸಲ ಯಾರೂ ಕಾಫಿ ತರಲಿಲ್ಲ.

ಅವಳು ಪುಸ್ತಕ ಮುಚ್ಚಿದಳು.

"ಇದು ನನಗೆ ಓದೋಕೆ ಬರಲ್ಲ ಬೈರಣ್ಣೋರೇ" ಎಂದಳು. ಎಂಜಿನ್ ಸದ್ದಿಗೆ ಅರ್ಧ ಜನಕ್ಕೆ ಕೇಳಿಸಿರಲಿಕ್ಕಿಲ್ಲ ಅನ್ನಿಸಿತು, ದನಿ ಎತ್ತಿದಳು. "ಚಿತ್ರ ನೋಡ್ಕೊಂಡು ಬರೆದೆ. ಐದನೇದು ತಪ್ಪು. ಶಾಮಣ್ಣ ಹೇಳ್ತಿರೋದೇ ಸರಿ, ಮೊನ್ನೆ ಆ ಚೀಟಿ ಇಟ್ಟಿದ್ದೂ ನಾನೇ."